ರಾಜಕಾಲುವೆಗೆ ಕಾಯ್ದೆಯೂ ಬೇಕು, ಕೈಗಂಟೂ ಬೇಕು

ಸಂಪಾದಕರಿಗೆ,

ಮಾನ್ಯರೇ,

ಪಾಲಿಕೆಯ ತೆರಿಗೆ ಮತ್ತು ಕಟ್ಟಡ ನಕ್ಷೆಗಳಿಗೆ ಸಂಬಂಧಿಸಿದ ಮೊಕದ್ದಮೆಗಳನ್ನು ಮೂರು ದಶಕಗಳಿಂದ ನಡೆಸುತ್ತಿರುವ ನನ್ನ ಕಚೇರಿಗೆ ಎರಡು ಮಳೆಗಾಲಗಳ ಹಿಂದೆ ಒಬ್ಬ ನಿವೃತ್ತ ಶಿಕ್ಷಕಿ ಬಂದಿದ್ದರು. ಒಂದೇ ರಾತ್ರಿಯ ಮಳೆಗೆ ಅವರ ಮನೆಯ ಕೆಳಮಹಡಿಗೆ ಮೊಣಕಾಲುದ್ದ ನೀರು ನುಗ್ಗಿ ಫ್ರಿಜ್, ಯುಪಿಎಸ್, ಹಾಸಿಗೆ, ಅಕ್ಕಿ ಡಬ್ಬದಿಂದ ಹಿಡಿದು ಮಗನ ಪ್ರಮಾಣಪತ್ರಗಳವರೆಗೆ ಎಲ್ಲವೂ ಹಾಳಾಗಿದ್ದವು. ಪರಿಹಾರಕ್ಕೆ ದಾವೆ ಹೂಡಬೇಕೆಂಬುದು ಅವರ ಇಚ್ಛೆ. “ಯಾರ ಮೇಲೆ ಹೂಡೋದು, ಅದನ್ನ ಹೇಳಿ ಸಾಕು” ಎಂಬುದು ಅವರ ಪ್ರಶ್ನೆ. ಅವರ ಬಟ್ಟೆಯ ಚೀಲದಲ್ಲಿ ನಾಲ್ಕು ಕಚೇರಿಗಳು ಕೊಟ್ಟ ನಾಲ್ಕು ಹಿಂಬರಹಗಳಿದ್ದವು. ರಸ್ತೆ ಬದಿಯ ಮೋರಿ ಮಾತ್ರ ತಮ್ಮದು, ಅದು ಹೋಗಿ ಸೇರುವ ರಾಜಕಾಲುವೆ ಬೇರೆ ವಿಭಾಗದ್ದು ಎಂದು ಒಂದು ಕಚೇರಿ. ಒಳಚರಂಡಿಯ ಮ್ಯಾನ್‌ಹೋಲ್ ಉಕ್ಕಿದ್ದರೆ ತಮ್ಮ ಹೊಣೆ, ಮಳೆನೀರಿಗೆ ತಾವು ಬಾಧ್ಯರಲ್ಲ ಎಂದು ಮತ್ತೊಂದು. ಕಾಲುವೆಯ ಗಡಿ ಗುರುತಿಸುವ ಸರ್ವೆ ಬಾಕಿಯಿದೆ ಎಂದು ಮೂರನೆಯದು. ತಡೆಗೋಡೆಯ ಅಂದಾಜುಪಟ್ಟಿ ಸಿದ್ಧವಿದ್ದು ಅನುದಾನ ಬಿಡುಗಡೆಯಾದ ನಂತರ ಕ್ರಮ ವಹಿಸಲಾಗುವುದು ಎಂದು ನಾಲ್ಕನೆಯದು. ನಾಲ್ಕನ್ನೂ ಪ್ರತಿವಾದಿಗಳನ್ನಾಗಿ ಸೇರಿಸಿ ದಾವೆ ಹೂಡಿದೆ. ಅದು ಇನ್ನೂ ಆಕ್ಷೇಪಣೆ ಸಲ್ಲಿಕೆಯ ಹಂತದಲ್ಲಿದೆ. ಆ ನಾಲ್ಕು ಹಿಂಬರಹಗಳಲ್ಲಿ ಯಾವುದೂ ಸುಳ್ಳಲ್ಲ ಎಂಬುದೇ ನನ್ನನ್ನು ಈ ಪತ್ರ ಬರೆಯಲು ಹಚ್ಚಿದೆ.

ಬೆಂಗಳೂರಿನ ಮಳೆನೀರಿನ ಚರ್ಚೆ ಪ್ರತಿವರ್ಷವೂ ಒತ್ತುವರಿ ತೆರವಿನ ಜೆಸಿಬಿಯಿಂದ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ಒತ್ತುವರಿ ತೆರವಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒತ್ತುವರಿಯೆಲ್ಲ ನಾಳೆಯೇ ತೆರವಾದರೂ ನಾಡಿದ್ದಿನಿಂದ ಆ ಕಾಲುವೆಯ ಹೂಳೆತ್ತುವವರು ಯಾರು, ಅದಕ್ಕೆ ಹಣ ಎಲ್ಲಿಂದ, ಎತ್ತದಿದ್ದರೆ ಕಾನೂನಿನ ಮುಂದೆ ಉತ್ತರ ಹೇಳಬೇಕಾದವರು ಯಾರು ಎಂಬ ಮೂರು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಕುಡಿಯುವ ನೀರಿಗೆ ಮತ್ತು ಒಳಚರಂಡಿಗೆ 1964ರ ಕಾಯ್ದೆಯೊಂದಿಗೆ ಜಲಮಂಡಳಿ ಹುಟ್ಟಿತು. ಅದಕ್ಕೆ ಮೀಟರು, ಬಿಲ್ಲು, ಸ್ವಂತ ಆದಾಯ ಎಲ್ಲವೂ ಇದೆ. ಆಕಾಶದಿಂದ ಬೀಳುವ ನೀರಿಗೆ ಮಾತ್ರ ಅಂಥ ಸಂಸ್ಥೆಯಿಲ್ಲ. ಚರಂಡಿಗಳನ್ನು ಪಾಲಿಕೆಯ ಕಾಯ್ದೆಗಳು ಪಾಲಿಕೆಗೆ ವಹಿಸಿವೆ, ನಿಜ. ಆದರೆ ಕಾಲುವೆಯ ಜಾಗದ ಗಡಿ ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿದೆ, ಅದರೊಳಗೆ ಹರಿಯುವ ಕೊಳಚೆ ಜಲಮಂಡಳಿಯದು, ಕಾಲುವೆ ಹೋಗಿ ಸೇರುವ ಕೆರೆಯ ಮೇಲೆ ಇನ್ನೊಂದು ಪ್ರಾಧಿಕಾರದ ಕಣ್ಣು. ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ಬೀದಿದೀಪ, ಸ್ಮಶಾನ, ಕಸಾಯಿಖಾನೆ, ದನದ ದೊಡ್ಡಿಗಳಿಗೂ ಅಲ್ಲಿ ಜಾಗವಿದೆ. ಮಳೆನೀರಿನ ಚರಂಡಿ ಎಂಬ ಮಾತು ಮಾತ್ರ ಒಂದು ಕಡೆಯೂ ಇಲ್ಲ. ನೈರ್ಮಲ್ಯ, ರಸ್ತೆ ಎಂಬ ಶಬ್ದಗಳೊಳಗೆ ಅದನ್ನು ಎಳೆದು ತಂದು ಕೂರಿಸಿಕೊಳ್ಳಬೇಕು.

ಇದರ ಫಲವೇನೆಂಬುದನ್ನು ಬೆಂಗಳೂರಿನ ಮಳೆನೀರು ನಿರ್ವಹಣೆಯ ಕುರಿತು 2021ರಲ್ಲಿ ವಿಧಾನಮಂಡಲದ ಮುಂದೆ ಬಂದ ಮಹಾಲೇಖಪಾಲರ ವರದಿ ತಕ್ಕಮಟ್ಟಿಗೆ ಬಿಚ್ಚಿಟ್ಟಿದೆ. ಕೋರಮಂಗಲ ಕಣಿವೆಯಲ್ಲಿ ಕಳೆದ ಶತಮಾನದ ಆರಂಭದಲ್ಲಿ 113 ಕಿಲೋಮೀಟರಿನಷ್ಟಿದ್ದ ಕಾಲುವೆಗಳ ಉದ್ದ 2016-17ರ ವೇಳೆಗೆ ಸುಮಾರು 63 ಕಿಲೋಮೀಟರಿಗೆ ಇಳಿದಿತ್ತು. ಐವತ್ತು ಕಿಲೋಮೀಟರು ಕಾಲುವೆ ಕಾಣೆಯಾಯಿತೆಂದು ಯಾವ ಠಾಣೆಯಲ್ಲೂ ದೂರು ದಾಖಲಾಗಿಲ್ಲ, ಏಕೆಂದರೆ ದೂರು ಕೊಡಬೇಕಾದ ಯಜಮಾನನೇ ಇರಲಿಲ್ಲ. ಆ ಕಣಿವೆಯ ಇಂದಿನ ಭೂಗೋಳವನ್ನು ಒಮ್ಮೆ ನೆನೆಯಬೇಕು. ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಕೋರಮಂಗಲದ ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾ ಗ್ರಾಮ ಎದ್ದಿತು. ನೀರಿಗೆ ಈ ಬದಲಾವಣೆಯ ಅಧಿಸೂಚನೆ ತಲುಪಿಲ್ಲ. ಅದು ಇವತ್ತಿಗೂ ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರ ಹಾದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹೋಗಲು ನೋಡುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರವರ್ತುಲ ರಸ್ತೆಯ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ದೃಶ್ಯವನ್ನು ದೇಶವೆಲ್ಲ ನೋಡಿತು.

ನಾನು ಹೇಳಬಯಸುವುದು ಇಷ್ಟು. ಮಳೆನೀರು ನಿರ್ವಹಣೆಗೆಂದೇ ಕಾನೂನಿನಿಂದ ಹುಟ್ಟಿದ ಒಂದು ಸಂಸ್ಥೆ, ಅದಕ್ಕೆಂದೇ ಮೀಸಲಾದ ಒಂದು ಶುಲ್ಕ, ಆ ಶುಲ್ಕ ನ್ಯಾಯಾಲಯದಲ್ಲಿ ನಿಲ್ಲುವಂತೆ ಬರೆದ ಒಂದು ಕಾಯ್ದೆ, ಈ ಮೂರೂ ಒಟ್ಟಿಗೆ ಬೇಕು. ಮೂರನೆಯದಿಲ್ಲದೆ ಮೊದಲೆರಡನ್ನು ತಂದರೆ ಅದು ಮೊದಲ ರಿಟ್ ಅರ್ಜಿಗೇ ಕುಸಿಯುತ್ತದೆ. ಕಾನೂನಿನ ಭಾಗದ ಬಗ್ಗೆಯೇ ಹೆಚ್ಚು ಬರೆಯುತ್ತಿರುವುದಕ್ಕೆ ಓದುಗರು ಕ್ಷಮಿಸಬೇಕು. ನಾನು ಬಲ್ಲದ್ದೂ ಅದೇ, ಇಂಜಿನಿಯರುಗಳೂ ನಗರ ಯೋಜಕರೂ ಬರೆಯದೆ ಬಿಡುವುದೂ ಅದನ್ನೇ.

ಇಂಥ ಸಂಸ್ಥೆಗಳು ಅಮೆರಿಕದಲ್ಲಿ 1970ರ ದಶಕದಿಂದಲೂ ಇವೆ. ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಎಂಬ ನಗರ 1974ರಲ್ಲಿ ಆರಂಭಿಸಿದ್ದು ಮೊದಮೊದಲಿನವುಗಳಲ್ಲಿ ಒಂದು. ಇಂದು ಆ ದೇಶದಲ್ಲಿ ಅಂಥವು ಸಾವಿರಗಟ್ಟಲೆ ಇವೆ. ಅವುಗಳ ಲೆಕ್ಕಾಚಾರದ ತಿರುಳು ಸರಳವಾದದ್ದು. ನಿಮ್ಮ ಜಾಗದಲ್ಲಿ ಮಳೆನೀರನ್ನು ಇಂಗಲು ಬಿಡದ ಚಾವಣಿ, ಕಾಂಕ್ರೀಟು, ಟಾರು ಎಷ್ಟು ಚದರಡಿ ಇದೆಯೋ ಅಷ್ಟಕ್ಕೆ ಶುಲ್ಕ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಒಂದು ದಿನ 100 ಮಿಲಿಮೀಟರ್ ಮಳೆ ಸುರಿದರೆ 30/40 ನಿವೇಶನವೊಂದರ ಮೇಲೆ ಸುಮಾರು 11 ಸಾವಿರ ಲೀಟರ್ ನೀರು ಬೀಳುತ್ತದೆ. ಹತ್ತು ಎಕರೆಯ ಒಂದು ವಾಣಿಜ್ಯ ಆವರಣದ ಮೇಲೆ 40 ಲಕ್ಷ ಲೀಟರ್ ಬೀಳುತ್ತದೆ. ಅದರಲ್ಲಿ ಶೇ 80ರಷ್ಟು ಭಾಗಕ್ಕೆ ಕಾಂಕ್ರೀಟು ಹಾಸಿದ್ದರೆ 32 ಲಕ್ಷ ಲೀಟರ್, ಅಂದರೆ ಆರು ಸಾವಿರ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಐನೂರಕ್ಕೂ ಹೆಚ್ಚು ಟ್ಯಾಂಕರ್ ನೀರು, ಕೆಲವೇ ಗಂಟೆಗಳಲ್ಲಿ ಪಕ್ಕದ ಮೋರಿಗೆ ಬಂದು ಬೀಳುತ್ತದೆ. ನಮ್ಮ ಸ್ವತ್ತು ತೆರಿಗೆ ಈ ಸಂಗತಿಯನ್ನು ನೋಡುವುದೇ ಇಲ್ಲ. ಅದು ಕಟ್ಟಡದ ಒಟ್ಟು ವಿಸ್ತೀರ್ಣವನ್ನೂ ಪ್ರದೇಶದ ದರವನ್ನೂ ನೋಡುತ್ತದೆ. ಆದ್ದರಿಂದ ನಾಲ್ಕು ಮಹಡಿಯ ವಸತಿ ಕಟ್ಟಡ ಒಂದೇ ಚಾವಣಿಯ ನೀರು ಬಿಟ್ಟು ನಾಲ್ಕು ಮಹಡಿಯ ತೆರಿಗೆ ಕಟ್ಟುತ್ತದೆ, ಊರಗಲ ತಗಡಿನ ಚಾವಣಿ ಹೊದ್ದ ಗೋದಾಮು ಒಂದೇ ಮಹಡಿಯ ತೆರಿಗೆ ಕಟ್ಟಿ ಊರಗಲದ ನೀರು ಬಿಡುತ್ತದೆ. ಫಿಲಡೆಲ್ಫಿಯಾ ನಗರ 2010ರಲ್ಲಿ ತನ್ನ ಮಳೆನೀರು ಶುಲ್ಕವನ್ನು ನೀರಿನ ಮೀಟರಿನಿಂದ ಬಿಡಿಸಿ ಹಂತಹಂತವಾಗಿ ನೆಲದ ವಿಸ್ತೀರ್ಣಕ್ಕೆ ಕಟ್ಟಲು ಹೊರಟದ್ದು ಇದೇ ಕಾರಣಕ್ಕೆ. ಅದುವರೆಗೆ ನಲ್ಲಿಯೇ ಇಲ್ಲದ ವಾಹನ ನಿಲುಗಡೆ ಮೈದಾನಗಳು ಕಾಸೂ ಕೊಡದೆ ತಪ್ಪಿಸಿಕೊಳ್ಳುತ್ತಿದ್ದವು.

ಈ ಸಂಸ್ಥೆಗಳು ಅಲ್ಲಿ ಸಲೀಸಾಗಿ ಬೇರೂರಲಿಲ್ಲ. ಹಲವು ರಾಜ್ಯಗಳಲ್ಲಿ ಒಂದೇ ಪ್ರಶ್ನೆ ಕೋರ್ಟಿನ ಮೆಟ್ಟಿಲು ಹತ್ತಿತು: ಇದು ಶುಲ್ಕವೋ, ಶುಲ್ಕದ ವೇಷ ತೊಟ್ಟ ತೆರಿಗೆಯೋ? ಮಿಷಿಗನ್ನಿನ ಲಾನ್ಸಿಂಗ್ ನಗರ ಈ ಪ್ರಶ್ನೆಯಲ್ಲಿ 1998ರಲ್ಲಿ ಸೋತಿತು. ನಗರದ ಹಳೆಯ ಚರಂಡಿಗಳ ಮರುನಿರ್ಮಾಣದ ವೆಚ್ಚವನ್ನೇ ಶುಲ್ಕದ ಹೆಸರಿನಲ್ಲಿ ವಸೂಲು ಮಾಡಲಾಗುತ್ತಿದೆ, ಕಟ್ಟುವವನಿಗೆ ಸಿಗುವ ಪ್ರಯೋಜನಕ್ಕೂ ಕಟ್ಟುವ ಮೊತ್ತಕ್ಕೂ ಸಂಬಂಧವಿಲ್ಲ, ಬೇಡವೆನ್ನುವ ದಾರಿಯೂ ಅವನಿಗಿಲ್ಲ. ಆದ್ದರಿಂದ ಇದು ಮತದಾರರ ಒಪ್ಪಿಗೆ ಪಡೆಯಬೇಕಿದ್ದ ತೆರಿಗೆ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಜಾರ್ಜಿಯಾದ ಕೊಲಂಬಿಯಾ ಕೌಂಟಿ 2004ರಲ್ಲಿ ಗೆದ್ದಿತು. ಅಲ್ಲಿ ಶುಲ್ಕ ನೀರಿಂಗದ ನೆಲದ ಅಳತೆಗೆ ತಕ್ಕಂತಿತ್ತು, ತನ್ನ ಜಾಗದಲ್ಲೇ ನೀರನ್ನು ಹಿಡಿದಿಟ್ಟವನಿಗೆ ರಿಯಾಯಿತಿಯೂ ಇತ್ತು. ಕ್ಯಾಲಿಫೋರ್ನಿಯಾದ ಸಲೀನಸ್ ನಗರದ ಶುಲ್ಕ 2002ರಲ್ಲಿ ಬಿದ್ದದ್ದು ಇನ್ನೂ ಸೂಕ್ಷ್ಮವಾದ ಕಾರಣಕ್ಕೆ: ಒಳಚರಂಡಿಯ ಶುಲ್ಕಕ್ಕೆ ಅಲ್ಲಿನ ಸಂವಿಧಾನದಲ್ಲಿ ಮತದಾನದಿಂದ ವಿನಾಯಿತಿ ಇತ್ತು, ಆದರೆ ಮಳೆನೀರಿನ ಚರಂಡಿ ಆ ಶಬ್ದದೊಳಗೆ ಬರುವುದಿಲ್ಲ ಎಂದಿತು ಮೇಲ್ಮನವಿ ನ್ಯಾಯಾಲಯ. ಆ ಒಂದು ಶಬ್ದದ ಅರ್ಥವನ್ನು ಹಿಗ್ಗಿಸಿ ಶಾಸನ ಬರಲು 2017ರವರೆಗೆ ಕಾಯಬೇಕಾಯಿತು. ನಮ್ಮ ಹನ್ನೆರಡನೇ ಅನುಸೂಚಿಯಲ್ಲಿ ಇಲ್ಲದ ಶಬ್ದದ ಬಗ್ಗೆ ನಾನು ಮೇಲೆ ತಲೆಕೆಡಿಸಿಕೊಂಡದ್ದು ಏಕೆಂದು ಇದರಿಂದ ತಿಳಿಯಬಹುದು.

ಸರ್ಕಾರವೇ ಕಟ್ಟದಿದ್ದರೆ ಏನು ಗತಿ ಎಂಬ ಪ್ರಶ್ನೆಯೂ ಅಲ್ಲಿ ಎದ್ದಿತು. ರಾಜಧಾನಿ ವಾಷಿಂಗ್ಟನ್ನಿನಲ್ಲೇ ಕೆಲವು ಫೆಡರಲ್, ಎಂದರೆ ಕೇಂದ್ರ ಸರ್ಕಾರದ, ಕಚೇರಿಗಳು ಇದು ತೆರಿಗೆ, ತೆರಿಗೆಯಿಂದ ತಮಗೆ ವಿನಾಯಿತಿಯಿದೆ ಎಂದು ಬಿಲ್ಲನ್ನು ಹಿಂದಿರುಗಿಸಿದವು. ಊರ ತುಂಬ ಸರ್ಕಾರಿ ಕಟ್ಟಡಗಳೇ ಇರುವ ನಗರದಲ್ಲಿ ಇದು ಸಣ್ಣ ಮಾತಲ್ಲ. ನಗರಾಡಳಿತಗಳೂ ಅವುಗಳ ರಾಷ್ಟ್ರಮಟ್ಟದ ಸಂಘಟನೆಗಳೂ ಸಂಸತ್ತಿನ ಬೆನ್ನು ಹತ್ತಿದವು. 2011ರ ಜನವರಿಯಲ್ಲಿ ಶುದ್ಧ ಜಲ ಕಾಯ್ದೆಗೆ ಬಂದ ತಿದ್ದುಪಡಿ, ನ್ಯಾಯಯುತವಾದ ಮಳೆನೀರು ಶುಲ್ಕವನ್ನು ಫೆಡರಲ್ ಸ್ವತ್ತುಗಳೂ ಕಟ್ಟಬೇಕು ಎಂದು ಸ್ಪಷ್ಟಪಡಿಸಿತು. ಅದಕ್ಕಿಂತ ಹಿಂದಿನ ಬಾಕಿ ಕೇಳಿಕೊಂಡು ಹೋದ ಜಾರ್ಜಿಯಾದ ಡಿಕಾಲ್ಬ್ ಕೌಂಟಿ 2013ರಲ್ಲಿ ಬರಿಗೈಯಲ್ಲಿ ಮರಳಿತು. ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದ ದಿನದಿಂದ ಹಣ ಬಂತು, ಅದರ ಹಿಂದಿನದಕ್ಕೆ ಬರಲಿಲ್ಲ.

ಪಾಲಿಕೆಗಳ ಪರವಾದ ಇಂಥ ಕಾನೂನು ಹೋರಾಟವೆಲ್ಲ ಹೊಗಳುವಂಥದ್ದೇ ಎಂದು ನಾನು ಹೇಳುವುದಿಲ್ಲ. ಕಳೆದ 2025ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ತನ್ನ ದೇಶದ ಪರಿಸರ ಸಂಸ್ಥೆಯ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಗೆದ್ದಿತು; ಏನು ಮಾಡಬೇಕೆಂದು ಕೊಳಚೆನೀರು ಹೊರಬಿಡುವ ಪರವಾನಗಿಯಲ್ಲಿ ಹೇಳಬಹುದೇ ಹೊರತು, ನೀರು ಸೇರುವ ಕಡಲಿನ ಗುಣಮಟ್ಟಕ್ಕೆಲ್ಲ ನಗರವೇ ಹೊಣೆ ಎಂಬ ಒಟ್ಟಾರೆ ಷರತ್ತು ಹಾಕುವಂತಿಲ್ಲ ಎಂದಾಯಿತು. ಪಾಲಿಕೆಗಳ ಸಂಘಟನೆಗಳೂ ಆ ನಗರದ ಬೆನ್ನಿಗಿದ್ದವು. ಬೆಳ್ಳಂದೂರು ಕೆರೆಯ ನೊರೆಯನ್ನೂ ಬೆಂಕಿಯನ್ನೂ ಕಂಡ ನನಗೆ ಆ ಗೆಲುವು ಹಿತವೆನಿಸಲಿಲ್ಲ. ಆದರೆ ನಗರಗಳು ಒಟ್ಟಾಗಿ ವಕೀಲರನ್ನಿಟ್ಟು, ಲೆಕ್ಕ ಹಿಡಿದು, ಶಾಸನಸಭೆಯಲ್ಲೂ ಕೋರ್ಟಿನಲ್ಲೂ ತಮ್ಮ ಮಾತನ್ನು ಮಂಡಿಸುತ್ತವೆ ಎಂಬುದನ್ನು ಅಲ್ಲಗಳೆಯಲಾಗದು. ನಮ್ಮಲ್ಲಿ ಪಾಲಿಕೆಯ ವಕೀಲರು ಹಿಂದಿನ ಸಂಜೆ ಕಡತ ಕೈಗೆ ಬಂದು ಮರುದಿನ ಬೆಳಿಗ್ಗೆ ಕಾಲಾವಕಾಶ ಕೇಳುವುದನ್ನು ನಾನು ಎದುರು ಬದಿಯಲ್ಲಿ ನಿಂತು ನೋಡುತ್ತಲೇ ಬಂದಿದ್ದೇನೆ. ಅದರಿಂದ ನನ್ನ ಕಕ್ಷಿದಾರರಿಗೆ ಲಾಭವೂ ಆಗಿದೆಯೆಂದು ಒಪ್ಪಿಕೊಳ್ಳುತ್ತೇನೆ.

ಶುಲ್ಕವೋ ತೆರಿಗೆಯೋ ಎಂಬ ಪ್ರಶ್ನೆಗಾಗಿ ನಾವು ಲಾನ್ಸಿಂಗಿನವರೆಗೆ ಹೋಗಬೇಕಾಗಿಯೂ ಇಲ್ಲ. ಭಾರತದಲ್ಲಿ ಈ ಪ್ರಶ್ನೆಗೆ ಮೂಲ ತೀರ್ಪು ಹುಟ್ಟಿದ್ದು ಉಡುಪಿಯ ಅಷ್ಟಮಠಗಳಲ್ಲಿ ಒಂದರ ಮೊಕದ್ದಮೆಯಿಂದ. ದಕ್ಷಿಣ ಕನ್ನಡ ಇನ್ನೂ ಮದ್ರಾಸ್ ರಾಜ್ಯದಲ್ಲಿದ್ದ ಕಾಲವದು. ಧಾರ್ಮಿಕ ದತ್ತಿ ಇಲಾಖೆಯ ಖರ್ಚಿಗೆಂದು ಮಠ, ದೇವಸ್ಥಾನಗಳ ಆದಾಯದಿಂದ ಶೇ 5ರವರೆಗೆ ವಂತಿಗೆ ವಸೂಲು ಮಾಡಲು 1951ರ ಮದ್ರಾಸ್ ಕಾಯ್ದೆ ಅವಕಾಶ ಕೊಟ್ಟಿತ್ತು. 1954ರ ಶೀರೂರು ಮಠದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ವಸೂಲಿಯನ್ನು ರದ್ದುಪಡಿಸಿತು. ಹಣ ರಾಜ್ಯದ ಸಂಚಿತ ನಿಧಿಗೆ ಹೋಗಿ ಎಲ್ಲದರೊಂದಿಗೆ ಬೆರೆಯುತ್ತದೆ, ಕೊಟ್ಟವರಿಗೆ ಸಲ್ಲುವ ಸೇವೆಗೆಂದು ಅದನ್ನು ಬೇರೆಯಾಗಿ ಇಟ್ಟಿಲ್ಲ, ಆದ್ದರಿಂದ ಅದು ಶುಲ್ಕವಲ್ಲ, ತೆರಿಗೆ. ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂಬುದು ತೀರ್ಪಿನ ಸಾರ. ಪಡೆದದ್ದಕ್ಕೂ ಕೊಟ್ಟದ್ದಕ್ಕೂ ಕಟ್ಟುನಿಟ್ಟಾದ ಸರಿಸಾಟಿ ಬೇಕಿಲ್ಲ, ವಿಶಾಲವಾದ ಸಂಬಂಧವೊಂದಿದ್ದರೆ ಸಾಕು ಎಂದು 1983ರಲ್ಲಿ ಅದೇ ನ್ಯಾಯಾಲಯ ಹಗ್ಗವನ್ನು ಕೊಂಚ ಸಡಿಲಿಸಿತು. ಆದರೂ ಹಗ್ಗ ಹಾಗೆಯೇ ಉಳಿದಿದೆ. ಕಾಯ್ದೆಯಲ್ಲಿ ಸ್ಪಷ್ಟ ಅಧಿಕಾರವಿಲ್ಲದೆ ಅಹಮದಾಬಾದಿನ ನಗರಾಭಿವೃದ್ಧಿ ಪ್ರಾಧಿಕಾರ ವಸೂಲು ಮಾಡಿದ ಅಭಿವೃದ್ಧಿ ಶುಲ್ಕ 1992ರಲ್ಲಿ ನಿಲ್ಲಲಿಲ್ಲ. ಕಲ್ಕತ್ತ ಪಾಲಿಕೆಯ ಖಾತೆ ಬದಲಾವಣೆಯ ಶುಲ್ಕ ವಾಸ್ತವದಲ್ಲಿ ತೆರಿಗೆಯೇ ಎಂದು 2005ರಲ್ಲಿ ಬಿದ್ದುಹೋಯಿತು.

ಈ ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿದರೆ ನಮ್ಮ ಕಾಯ್ದೆ ಹೇಗಿರಬೇಕು ಎಂಬುದು ತಾನಾಗಿ ಮೂಡುತ್ತದೆ. ಸರ್ಕಾರಿ ಆದೇಶವೂ ಪಾಲಿಕೆಯ ಉಪವಿಧಿಯೂ ಇದಕ್ಕೆ ಸಾಲದು, ವಿಧಾನಮಂಡಲದ ಅಧಿನಿಯಮವೇ ಆಗಬೇಕು. ಸಂವಿಧಾನದ ರಾಜ್ಯ ಪಟ್ಟಿಯ 17ನೇ ನಮೂದಿನಲ್ಲಿ ನೀರಾವರಿಯೊಂದಿಗೆ ‘ಚರಂಡಿ ಮತ್ತು ಒಡ್ಡು’ಗಳೂ ಇವೆ, 66ನೇ ನಮೂದು ಆ ಪಟ್ಟಿಯ ವಿಷಯಗಳಿಗೆ ಶುಲ್ಕ ವಿಧಿಸಲು ಅಧಿಕಾರ ಕೊಡುತ್ತದೆ. ಎಂದರೆ ಅಧಿಕಾರದ ಕೊರತೆಯಿಲ್ಲ, ಅದನ್ನು ಚಲಾಯಿಸಿಲ್ಲ ಅಷ್ಟೇ. ವಸೂಲಾದ ಹಣ ಪಾಲಿಕೆಯ ಸಾಮಾನ್ಯ ಖಾತೆಗೆ ಬೀಳಬಾರದು. ಕಣಿವೆವಾರು ಪ್ರತ್ಯೇಕ ನಿಧಿಯಲ್ಲಿ ನಿಲ್ಲಬೇಕು, ಅದರಿಂದ ಸಂಬಳದ ಕೊರತೆ ತುಂಬುವುದಾಗಲಿ ರಸ್ತೆಗೆ ಡಾಂಬರು ಹಾಕುವುದಾಗಲಿ ಕೂಡದು. ಶೀರೂರು ಮಠದ ತೀರ್ಪು ಕೇಳುವುದೂ ಇದನ್ನೇ, ನಾಗರಿಕ ಕೇಳುವುದೂ ಇದನ್ನೇ. ಕೆರೆಯ ನೀರುಂಡ ಗದ್ದೆಯ ಫಸಲಿನ ಒಂದು ಪಾಲನ್ನು ಆ ಕೆರೆಗೇ ಕಟ್ಟಿಡುವ ‘ಬಿತ್ತುವಟ್ಟ’ ನಮ್ಮ ಹಳೆಯ ಕಲ್ಲುಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನೀರಿನ ಹಣ ನೀರಿಗೇ ಸಲ್ಲಬೇಕೆಂಬುದನ್ನು ನಾವು ಬೆಲ್‌ವ್ಯೂದವರಿಂದ ಕಲಿಯಬೇಕಾದದ್ದೇನೂ ಇಲ್ಲ.

ಇದು ಶುಲ್ಕವೇ ಆದರೆ, ಸ್ವತ್ತು ತೆರಿಗೆಯಿಂದ ವಿನಾಯಿತಿ ಪಡೆದಿರುವ ಶಾಲೆ, ಆಸ್ಪತ್ರೆ, ದೇವಸ್ಥಾನ, ಮಸೀದಿ, ಚರ್ಚುಗಳೂ ತಮ್ಮ ಚಾವಣಿಗೆ ತಕ್ಕಷ್ಟು ಕಟ್ಟಬೇಕಾಗುತ್ತದೆ. ಕೆಲವರಿಗೆ ಇದು ಕಹಿಯೆನಿಸಬಹುದು, ಆದರೆ ನೀರು ವಿನಾಯಿತಿ ಪತ್ರ ನೋಡಿ ಹರಿಯುವುದಿಲ್ಲ. ಬೆಂಗಳೂರಿನಲ್ಲಿ ಸೇನೆಗೂ ರೈಲ್ವೆಗೂ ಸೇರಿದ ಜಾಗ ಎಷ್ಟಿದೆಯೆಂಬುದು ನಕ್ಷೆ ನೋಡಿದ ಯಾರಿಗೂ ಗೊತ್ತು. ಸಂವಿಧಾನದ 285ನೇ ವಿಧಿ ಕೇಂದ್ರದ ಸ್ವತ್ತನ್ನು ಸ್ಥಳೀಯ ತೆರಿಗೆಯಿಂದ ಮುಕ್ತಗೊಳಿಸಿದೆ. ಸೇವೆಗೆ ಪ್ರತಿಯಾದ ಹಣದಿಂದ ಮುಕ್ತಗೊಳಿಸಿಲ್ಲ. ರಾಜ್‌ಕೋಟ್ ಪಾಲಿಕೆಯ ಪ್ರಕರಣದಲ್ಲಿ 2009ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಆದ ಏರ್ಪಾಡಿನಂತೆ, ಕೇಂದ್ರದ ಕಟ್ಟಡಗಳು ಎಷ್ಟು ಸೇವೆ ಪಡೆಯುತ್ತವೆ ಎಂಬುದನ್ನು ನೋಡಿ ಸ್ವತ್ತು ತೆರಿಗೆಯ ಮೂರನೇ ಒಂದು ಭಾಗ, ಅರ್ಧ ಅಥವಾ ಮುಕ್ಕಾಲು ಭಾಗದಷ್ಟು ಸೇವಾ ಶುಲ್ಕ ಕಟ್ಟಬೇಕು. ಮಳೆನೀರಿಗೂ ಆ ದಾರಿ ತೆರೆದೇ ಇದೆ. ಹೋಗಿ ಕೇಳಬೇಕಾದವರು ಕೇಳಬೇಕು. ಕೇಳುವಾಗ ಕೈಯಲ್ಲಿ ಚದರ ಮೀಟರಿನ ಲೆಕ್ಕವಿರಬೇಕು.

ಮನೆಮಾಲೀಕರ ಕಡೆಯಿಂದ ಏಳುವ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2025ರ ಏಪ್ರಿಲ್‌ನಿಂದ ಕಸದ ಬಳಕೆದಾರರ ಶುಲ್ಕವೆಂದು ಮನೆಯ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಸ್ವತ್ತು ತೆರಿಗೆಯೊಂದಿಗೇ ವಸೂಲಾಗುತ್ತಿದೆ. ಈಗ ಮಳೆಗೂ ದುಡ್ಡೇ ಎಂದು ಜನ ಕೇಳಿಯೇ ಕೇಳುತ್ತಾರೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2012ರಲ್ಲಿ ತನ್ನ ಹತ್ತು ಸ್ಥಳೀಯಾಡಳಿತಗಳಿಗೆ ಈ ಶುಲ್ಕವನ್ನು ಕಡ್ಡಾಯ ಮಾಡಿದಾಗ ವಿರೋಧಿಗಳು ಅದಕ್ಕೆ ‘ಮಳೆ ತೆರಿಗೆ’ ಎಂದು ಹೆಸರಿಟ್ಟರು. ಆ ಹೆಸರು ಅಂಟಿಕೊಂಡು, ಚುನಾವಣೆಯ ಮಾತಾಗಿ, 2015ರಲ್ಲಿ ಕಡ್ಡಾಯವನ್ನೇ ಹಿಂಪಡೆಯಬೇಕಾಯಿತು. ಲೆಕ್ಕ ತೋರಿಸದೆ ವಸೂಲಿಗೆ ಇಳಿದರೆ ನಮ್ಮಲ್ಲೂ ಅದೇ ಆಗುತ್ತದೆ, ಆಗಬೇಕಾದದ್ದೂ ಅದೇ. ಅಂಥ ಶುಲ್ಕದ ವಿರುದ್ಧ ಮೊದಲ ರಿಟ್ ಅರ್ಜಿಗೆ ವಕಾಲತ್ತು ಹಾಕಲು ನಾನೇ ಸಿದ್ಧ. ಸಣ್ಣ ಮನೆಗಳಿಗೆ ಒಂದು ಮಿತಿಯವರೆಗೆ ಪೂರ್ತಿ ವಿನಾಯಿತಿ ಇರಲಿ. ಕಾಲುವೆಯಂಚಿನ ಕೊಳೆಗೇರಿಯ ಶೀಟಿನ ಮನೆಗೆ ಬಿಲ್ಲು ಕಳಿಸಿ, ನೀರನ್ನೂ ಅದೇ ಮನೆಗೆ ಕಳಿಸುವುದು ಅನ್ಯಾಯ.

ತನ್ನ ನೀರನ್ನು ತಾನೇ ಇಂಗಿಸಿಕೊಂಡವನಿಗೆ ರಿಯಾಯಿತಿ ಕೊಡುವುದು ಈ ಶುಲ್ಕದ ಜೀವಾಳ, ಕೊಲಂಬಿಯಾ ಕೌಂಟಿಯ ಗೆಲುವಿನಲ್ಲಿ ಅದರ ಪಾಲೂ ಇತ್ತು. ನಮ್ಮಲ್ಲಿ ಅದಕ್ಕೆ ಅರ್ಧ ತಳಪಾಯ ಆಗಲೇ ಬಿದ್ದಿದೆ. ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ, 2400 ಚದರಡಿ ಮತ್ತು ಅದಕ್ಕೂ ಮೀರಿದ ಹಳೆಯ ನಿವೇಶನಗಳಲ್ಲೂ 1200 ಚದರಡಿ ಮತ್ತು ಅದಕ್ಕೂ ಮೀರಿದ ಹೊಸ ನಿವೇಶನಗಳಲ್ಲೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ಮಾಡದವರ ನೀರಿನ ಬಿಲ್ಲಿಗೆ ದಂಡ ಸೇರಿಸುವ ಏರ್ಪಾಡೂ ಬಂತು. ವಿಚಿತ್ರವೆಂದರೆ ದಂಡದ ಹಣ ಜಲಮಂಡಳಿಗೆ, ದಂಡ ಕಟ್ಟಿದವನ ಚಾವಣಿಯ ನೀರು ಪಾಲಿಕೆಯ ಕಾಲುವೆಗೆ. ದಂಡ ಕಟ್ಟಿ ಕೈತೊಳೆದುಕೊಳ್ಳುವುದು ಗುಂಡಿ ತೋಡಿಸುವುದಕ್ಕಿಂತ ಅಗ್ಗವೆಂದು ನನ್ನ ಕಕ್ಷಿದಾರರಲ್ಲೇ ಕೆಲವರು ನಗುತ್ತಾ ಹೇಳಿದ್ದುಂಟು. ಇಂಗುಬಾವಿ ತೋಡಿಸಿ ಅದನ್ನು ವರ್ಷಕ್ಕೊಮ್ಮೆ ಶುಚಿಗೊಳಿಸಿ ತೋರಿಸಿದವನ ಬಿಲ್ಲು ಇಳಿಯುವಂತಾದರೆ, ಮಣ್ಣುವಡ್ಡರ ಸಮುದಾಯದ ಬಾವಿ ತೋಡುವ ಕಸುಬಿಗೂ ಒಂದಿಷ್ಟು ಕೆಲಸ ಬಂದೀತು.

ಇನ್ನು ಗಡಿಯ ಮಾತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಕಳೆದ 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ಬಂದಿವೆ. ಮೆಜೆಸ್ಟಿಕ್ಕಿನ ನೀರು ಕೇಂದ್ರ ಪಾಲಿಕೆಯಲ್ಲಿ ಬಿದ್ದು ಪೂರ್ವ ಪಾಲಿಕೆಯ ಕಡೆಗೆ ಹರಿಯುತ್ತದೆ. ಮೇಲಿನ ಪಾಲಿಕೆ ಕಾಂಕ್ರೀಟಿಗೆ ಅನುಮತಿ ಕೊಟ್ಟು ಶುಲ್ಕ ಇಟ್ಟುಕೊಂಡರೆ ಕೆಳಗಿನ ಪಾಲಿಕೆ ಮುಳುಗುತ್ತದೆ. ಆದ್ದರಿಂದ ಮಳೆನೀರಿನ ಸಂಸ್ಥೆ ಪಾಲಿಕೆಯ ಗಡಿಯನ್ನಲ್ಲ, ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಕಣಿವೆಗಳ ಗಡಿಯನ್ನು ಅನುಸರಿಸಬೇಕು. ಹೊಸ ಕಾಯ್ದೆ ಐದೂ ಪಾಲಿಕೆಗಳ ಮೇಲೆ ಇಟ್ಟಿರುವ ಪ್ರಾಧಿಕಾರದ ಅಡಿಯಲ್ಲಿ ಅದನ್ನು ಕೂರಿಸಲು ಅಡ್ಡಿಯಿರಲಾರದು. ಕಾಲುವೆಯ ಜಾಗ, ಅದರ ಮೀಸಲು ಪಟ್ಟಿ (ಕಟ್ಟಡ ಕಟ್ಟದೆ ಬಿಡಬೇಕಾದ ಅಂಚಿನ ಜಾಗ), ಸರ್ವೆ, ಹೂಳು, ಎಲ್ಲದಕ್ಕೂ ಅದೊಂದೇ ಉತ್ತರದಾಯಿ ಆಗಬೇಕು. ಆಗ ನನ್ನ ಕಕ್ಷಿದಾರರ ಚೀಲದಲ್ಲಿ ಒಂದೇ ಹಿಂಬರಹ ಇರುತ್ತದೆ.

ಮೀಸಲು ಪಟ್ಟಿಯ ಮಾತು ಬಂದದ್ದರಿಂದ ಇನ್ನೊಂದು ನೆನಪು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 35, 25 ಮೀಟರ್ ಜಾಗ ಬಿಡಬೇಕೆಂದು ಆದೇಶಿಸಿದಾಗ ಊರಿಗೆ ಊರೇ ಸಂಭ್ರಮಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಬದಿಗೆ ಸರಿಸಿತು: ಕಾಯ್ದೆಯಡಿ ರೂಪುಗೊಂಡ ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಅಳತೆಗಳನ್ನು ತಿದ್ದಿ ಬರೆಯುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂದಿತು. ತೀರ್ಪು ಕಾನೂನಿನ ದೃಷ್ಟಿಯಲ್ಲಿ ಸರಿಯಾದದ್ದೇ; ನಷ್ಟವಾದದ್ದು ಮೂರು ವರ್ಷ. ಶಾಸನಸಭೆ ಮಾಡಬೇಕಾದ ಕೆಲಸವನ್ನು ಕೋರ್ಟಿನಿಂದ ಮಾಡಿಸಿಕೊಳ್ಳಲು ಹೋದಾಗಲೆಲ್ಲ ಹೀಗೆಯೇ ಆಗಿದೆ.

ನನ್ನ ಕೋರಿಕೆಗಳು ಸರ್ಕಾರಕ್ಕೆ ಸಂಬಂಧಿಸಿದವು. ಮಳೆನೀರು ನಿರ್ವಹಣೆಗೆ ಪ್ರತ್ಯೇಕ ಮಸೂದೆಯ ಕರಡನ್ನು ಮುಂದಿನ ಮುಂಗಾರಿಗೆ ಮುನ್ನ ಕನ್ನಡದಲ್ಲೇ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ ಅರವತ್ತು ದಿನ ಕೊಡಲಿ. ಶುಲ್ಕದ ದರ ಮುಂದೆ ಹೊರಡಿಸುವ ಆದೇಶಕ್ಕೆ ಬಿಡದೆ ಮಸೂದೆಯ ಅನುಸೂಚಿಯಲ್ಲೇ ಇರಲಿ. ಪ್ರತಿ ಕಣಿವೆಯಲ್ಲಿ ಎಷ್ಟು ಚದರ ಮೀಟರ್ ನೆಲ ಮುಚ್ಚಿಹೋಗಿದೆ, ಕಾಲುವೆಯ ವಾರ್ಷಿಕ ನಿರ್ವಹಣೆಗೆ ಎಷ್ಟು ಬೇಕು, ಆ ಮೊತ್ತವನ್ನು ಈ ಚದರ ಮೀಟರಿಗೆ ಭಾಗಿಸಿದರೆ ಎಷ್ಟು ಬರುತ್ತದೆ ಎಂಬ ಲೆಕ್ಕದ ಹಾಳೆಯೂ ಅದರ ಜೊತೆಗೆ ಇರಲಿ. ನಾಳೆ ಈ ಕಾಯ್ದೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಿದಾಗ ಸರ್ಕಾರಿ ವಕೀಲರು ಮೊದಲು ಹುಡುಕುವ ಕಾಗದ ಆ ಹಾಳೆಯೇ ಆಗಿರುತ್ತದೆ.

ತಮ್ಮ ವಿಶ್ವಾಸಿ,
ಒಬ್ಬ ವಕೀಲ
ಬಸವನಗುಡಿ, ಬೆಂಗಳೂರು